ಕೋಟೆಯ ಬಟ್ಟೆ ಒಗೆದವಳು

ಬಾವಲಿ ಅಂದರೆ ಆ ಆಸ್ಪತ್ರೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿದ್ದುಕೊಂಡಿತ್ತು, ಅದನ್ನು ಕೂಗಿ ಕರೆದರೆ ಅವಳೇ ಹಿಂದೆ ತಿರುಗಿ ಯಾರನ್ನು ಎಂದು ನೋಡುತ್ತಿದ್ದಳು. "ಹಗಲೆಲ್ಲ ರಕ್ತ ಒಗೀತಾಳೆ, ಊಟದ ಹೊತ್ತಲ್ಲಿ ರಕ್ತ ಓದ್ತಾಳೆ, ಇನ್ನು ಕುಡಿಯೋದೊಂದು ಬಾಕಿ" ಎಂದು ಆಂಬುಲೆನ್ಸ್ ಡ್ರೈವರ್ ಒಮ್ಮೆ ಆಡಿಕೊಂಡ. "ನಿನ್ನ ರಕ್ತ ಮಾತ್ರ ಬೇಡಪ್ಪಾ, ಡೀಸೆಲ್ ವಾಸನೆ" ಅಂದಳು ಇವಳು. ಅವತ್ತಿನಿಂದ ಎಲ್ಲರಿಗೂ ಅವಳು ರಕ್ತ ಹೀರುವ ಬಾವಲಿ. ನಾದಿನಿಯ ಬಾಯಲ್ಲಿ ಮಾತ್ರ ಅತ್ತಿಗೆ.

ಆಸ್ಪತ್ರೆಯ ಹಿಂಬದಿಗೆ, ಶವಾಗಾರ ದಾಟಿ, ಬಾಯ್ಲರಿಗೆ ಅಂಟಿಕೊಂಡಂತೆ ನಮ್ಮ ಲಾಂಡ್ರಿ. ನಮ್ಮ ಅನ್ನುತ್ತೇನೆ, ನಾನೇನೂ ಒಗೆದವನಲ್ಲ. ಕೆಲಸಗಾರರ ಸಂಘದ ಕಾರ್ಯದರ್ಶಿಯಾಗಿ ದಿನಾ ಅಲ್ಲಿಗೆ ಹೋಗಿ ಚಪ್ಪಲಿ ಒದ್ದೆ ಮಾಡಿಕೊಂಡು ಬರುತ್ತಿದ್ದವನು. ಬಟ್ಟೆ ಒಗೆಯುವ ಮೂರು ದೊಡ್ಡ ಡ್ರಮ್ಮುಗಳು ತಿರುಗುವ ಸದ್ದಿನಲ್ಲಿ ಕಿವಿಗೆ ಬಾಯಿ ಹಚ್ಚಿ ಕೂಗಬೇಕು. ಹಾಗಾಗಿ ಅಲ್ಲಿಯ ಹೆಂಗಸರು ಬೀದಿಯಲ್ಲಿ ಕುಶಲ ಕೇಳಿದರೂ ಜಗಳಕ್ಕೆ ಬಂದಂತೆ ಕೇಳಿಸುತ್ತಿತ್ತು. ಆಪರೇಷನ್ ಕೋಣೆಯ ಹಸಿರು ಬಟ್ಟೆ, ವಾರ್ಡಿನ ಬಿಳಿ ಬೆಡ್‌ಶೀಟು, ಮಕ್ಕಳ ವಾರ್ಡಿನ ಪುಟ್ಟ ಶೀಟುಗಳು, ಎಲ್ಲ ಟ್ರಾಲಿಯಲ್ಲಿ ರಾಶಿ ರಾಶಿಯಾಗಿ ಬರುತ್ತಿದ್ದವು. ಬೇರೆಯವರ ಮೈಯಿಂದ ಏನೇನು ಹೊರಬರಬಹುದೋ ಅಷ್ಟೂ ಅದರಲ್ಲಿರುತ್ತಿತ್ತು.

ಇಸ್ತ್ರಿಯ ರೋಲರ್ ಇದ್ದ ಕೋಣೆ ಕೊಂಚ ಶಾಂತ. ಬೆಡ್‌ಶೀಟು ಮಡಿಸುವುದು ಅಲ್ಲಿ, ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇಬ್ಬರು ಎದುರುಬದುರು ನಿಂತು ಮೂಲೆ ಹಿಡಿದು ಜಾಡಿಸಿ, ಒಬ್ಬರ ಕಡೆಗೆ ಒಬ್ಬರು ನಡೆದುಬಂದು ಮೂಲೆಗೆ ಮೂಲೆ ಕೊಟ್ಟು, ಮತ್ತೆ ಹಿಂದೆ ಸರಿಯಬೇಕು. ಬಾವಲಿಯ ಜೋಡಿ ಅವಳ ನಾದಿನಿ, ಗಂಡನ ತಂಗಿ. ಒಂದೇ ಮನೆ, ಒಂದೇ ಪಾಳಿ, ಒಂದೇ ಶೀಟಿನ ಎರಡು ತುದಿ. ಮೂಲೆಗೆ ಮೂಲೆ ಸೇರಿದಾಗ ಬಾವಲಿ ಕಥೆಯ ಒಂದು ಮಾತು ಹೇಳುತ್ತಿದ್ದಳು, ಹಿಂದೆ ಸರಿದಾಗ ಬಾಯಿ ಮುಚ್ಚುತ್ತಿದ್ದಳು. ನಾದಿನಿಗೆ ಮುಂದೇನಾಯಿತು ಎಂಬ ಆತುರ. ಆ ಆತುರದಲ್ಲಿ ಬೇರೆಲ್ಲ ಜೋಡಿಗಳಿಗಿಂತ ಇವರ ರಾಶಿಯೇ ಬೇಗ ಮುಗಿಯುತ್ತಿತ್ತು.

ಕಥೆ ಎಂದರೆ ರಕ್ತಪಿಶಾಚಿಯ ಕಥೆ, ಬೇರೆ ಯಾವುದೂ ಅಲ್ಲ.

ಮೊದಲ ಪುಸ್ತಕ ಅವಳಿಗೆ ಸಿಕ್ಕಿದ್ದು ಡ್ರಮ್ಮಿನೊಳಗೆ. ಯಾವನೋ ರೋಗಿ ಬೆಡ್‌ಶೀಟಿನ ಸುರುಳಿಯಲ್ಲೇ ಬಿಟ್ಟು ಹೋಗಿದ್ದ, ಬದುಕಿ ಹೋದನೋ ಸತ್ತು ಹೋದನೋ. ಡ್ರಮ್ಮಿನ ಸದ್ದು ಬೇರೆ ಥರ ಬಂತೆಂದು ನಿಲ್ಲಿಸಿ ತೆಗೆದರೆ ಒಂದು ಹಳೇ ಕಾದಂಬರಿ, ಅಗ್ಗದ ಅನುವಾದ. ಬಾಯ್ಲರ್ ಪೈಪಿನ ಮೇಲೆ ಒಣಹಾಕಿದಳು. ಕೊನೆಯ ಹಾಳೆಗಳು ಕರಗಿ ಸೋಪಿನ ನೀರಿನ ಜೊತೆ ಚರಂಡಿಗೆ ಹೋಗಿದ್ದವು. ಉಳಿದದ್ದನ್ನು ಓದಿದಳು. ಬೆಟ್ಟದ ಮೇಲೊಂದು ಕೋಟೆ, ಅದರಲ್ಲೊಬ್ಬ ದೊರೆ, ಹಗಲು ನೆಲಮಾಳಿಗೆಯ ಪೆಟ್ಟಿಗೆಯಲ್ಲಿ ಹೆಣವಾಗಿ ಬಿದ್ದಿರುವವನು, ಕತ್ತಲಾದರೆ ಎದ್ದು ಅತಿಥಿಗಳ ಕುತ್ತಿಗೆಗೆ ಬಾಯಿ ಹಾಕುವವನು. ಕೊನೆಗೆ ಏನಾಯಿತು? ಹಾಳೆಯಿಲ್ಲ. ತಲೆಗೆ ಹುಳ ಬಿಟ್ಟಂತಾಯಿತು ಇವಳಿಗೆ.

ಆಮೇಲೆ ಹಳೇ ಪುಸ್ತಕದ ಅಂಗಡಿಗಳನ್ನೆಲ್ಲ ಜಾಲಾಡಿದಳು. ಹಳೇ ಕಾಲದವೇ ಬೇಕು ಅವಳಿಗೆ: ಮೇಣದ ಬತ್ತಿ, ಬಿರುಕುಬಿಟ್ಟ ಗೋಡೆ, ತನ್ನಷ್ಟಕ್ಕೆ ಕಿರುಗುಟ್ಟುವ ಬಾಗಿಲು. ಕಾಲೇಜು ಹುಡುಗಿಯರನ್ನು ಪ್ರೀತಿಸುವ ಈಗಿನ ಚೆಂದದ ಪಿಶಾಚಿಗಳನ್ನು ಕಂಡರಾಗುತ್ತಿರಲಿಲ್ಲ. "ಹಲ್ಲುಜ್ಜಿಕೊಂಡು ಬರೋ ಪಿಶಾಚಿ ಎಂಥ ಪಿಶಾಚಿ ಅಣ್ಣ?" ಎಂದು ನನ್ನನ್ನೇ ಕೇಳಿದ್ದಳು, ಅದು ಸಂಘದ ಸಭೆಯಲ್ಲಿ ಇತ್ಯರ್ಥವಾಗಬೇಕಾದ ವಿಷಯವೇನೋ ಎಂಬಂತೆ.

ನನಗೆ ಮೊದಮೊದಲು ಮೈಯುರಿಯುತ್ತಿತ್ತು. ನಾನು ಕೊಟ್ಟ ಕರಪತ್ರದಲ್ಲಿ ಇವರು ತಿಂಡಿ ಕಟ್ಟಿಕೊಳ್ಳುತ್ತಿದ್ದರು, ಬಾವಲಿಯ ದೊರೆಯ ಕಥೆಗೆ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದರು. ಒಂದು ದಿನ ಕೂತು ನಾನೂ ಕೇಳಿದೆ. ಕೈಯೆತ್ತಿ ಒಂದು ಕೆಲಸ ಮಾಡದವನು, ಊರಿನ ರಕ್ತ ಕುಡಿದು ನೂರಾರು ವರ್ಷ ಬಾಳುವವನು, ಕನ್ನಡಿಯಲ್ಲಿ ಮಾತ್ರ ಕಾಣದವನು. ನನ್ನ ಕರಪತ್ರದಲ್ಲಿ ಇದಕ್ಕಿಂತ ಹೆಚ್ಚೇನೂ ಇರಲಿಲ್ಲ, ಭಾಷೆ ಮಾತ್ರ ಕೆಟ್ಟದಾಗಿತ್ತು.

ಅವಳು ಪುಸ್ತಕದಲ್ಲಿದ್ದದ್ದನ್ನು ಇದ್ದಂತೆ ಹೇಳುತ್ತಿರಲಿಲ್ಲ. "ಎಲ್ರಿಗೂ ಬಿಳಿ ಅಂಗಿ, ಬಿಳಿ ಹಾಸಿಗೆ. ದಿನಾ ಕುತ್ತಿಗೆಯಿಂದ ರಕ್ತ. ಬೆಳಗಾದ್ರೆ ಮತ್ತೆ ಬಿಳೀನೇ! ಒಗೆಯೋರ್ಯಾರು ಅಂತ ಒಬ್ಬನೂ ಬರೆದಿಲ್ಲವಲ್ಲೇ" ಎಂದು ನಾದಿನಿಗೆ ಹೇಳಿದಳಂತೆ. ಆ ಒಗೆಯುವವಳನ್ನು ತಾನೇ ಹುಟ್ಟಿಸಿದಳು. ಕೋಟೆಯ ಕೆಳಗಿನ ಹಳ್ಳಿಯ ಹೆಂಗಸು. ಹಾಸಿಗೆಯ ಕಲೆ ನೋಡಿಯೇ ನಾಳೆ ಯಾರು ಇರುವುದಿಲ್ಲ ಎಂದು ತಿಳಿಯುವವಳು. ದೊರೆ ಅವಳನ್ನು ಕಚ್ಚುವುದಿಲ್ಲ, ಅವನಿಗೆ ಬಟ್ಟೆ ಬೆಳ್ಳಗಿರಬೇಕಲ್ಲ. ಅವನು ಅವಳ ಮುಖವನ್ನೇ ನೋಡಿದವನಲ್ಲ. ಒಂದು ಬೆಳಿಗ್ಗೆ ಒಗೆಯಲು ಬಂದ ರಾಶಿಯಲ್ಲಿ ಅವಳ ಸ್ವಂತ ತಂಗಿಯ ಹೊದಿಕೆ ಸಿಗುತ್ತದೆ. ಅಲ್ಲಿಂದ ಕಥೆ ಬೇರೆ ದಾರಿ ಹಿಡಿಯಿತು.

ಕಥೆ ಕೇಳುವವರು ಹೆಚ್ಚಿದ ಮೇಲೆ ಊಟದ ಹೊತ್ತಿನಲ್ಲಿ ಒಗೆದ ಬಟ್ಟೆ ಇಡುವ ದಾಸ್ತಾನು ಕೋಣೆಯಲ್ಲಿ ಗುಂಪು ಸೇರತೊಡಗಿತು. ನಾದಿನಿ, ಆಂಬುಲೆನ್ಸ್ ಡ್ರೈವರ್, ವಾರ್ಡಿನ ಕೆಲವು ಆಯಾಗಳು, ಶವಾಗಾರದವನು. ಈ ಶವಾಗಾರದವನು ಹೆದರುಪುಕ್ಕಲ. "ಸತ್ತೋರು ಎದ್ದು ಓಡಾಡೋಕೆ ಶುರು ಮಾಡಿದ್ರೆ ಮೊದಲು ಹೋಗೋದು ನನ್ನ ಕೆಲಸ" ಅನ್ನುತ್ತ ಬಾಗಿಲ ಹತ್ತಿರವೇ ಕೂರುತ್ತಿದ್ದ. ಕೊಂಡು ತಂದ ಪುಸ್ತಕಗಳೆಲ್ಲ ಅಲ್ಲೇ ಒಂದು ಹಲಗೆಯ ಮೇಲೆ. ಹರಿದು ಕಸಕ್ಕೆ ಹೋಗಬೇಕಾದ ಬೆಡ್‌ಶೀಟು ಕತ್ತರಿಸಿ ಬಾವಲಿ ಅವಕ್ಕೆಲ್ಲ ಹೊದಿಕೆ ಹೊಲಿದಿದ್ದಳು. ಎಲ್ಲ ಬಿಳಿ, ಬೆನ್ನ ಮೇಲೆ ಆಸ್ಪತ್ರೆಯ ಕಪ್ಪು ಮುದ್ರೆ.

ಆ ಕೋಣೆಗೆ ಒಂದು ಕಟ್ಟಳೆಯಿತ್ತು, ಪುಸ್ತಕಗಳಿಂದಲೇ ತಂದದ್ದು. ರಕ್ತಪಿಶಾಚಿ ಎಷ್ಟೇ ಬಲಶಾಲಿಯಾದರೂ ಒಳಗಿನವರು ಕರೆಯದೆ ಹೊಸ್ತಿಲು ದಾಟಲಾರ. ಹಾಗೇ ಇಲ್ಲಿ ಯಾರೇ ಬಂದರೂ ಹೊಸ್ತಿಲಲ್ಲಿ ನಿಲ್ಲಬೇಕು, ಒಳಗಿನಿಂದ ಬಾವಲಿ "ಒಳಗೆ ಬಾ" ಅನ್ನಬೇಕು. ಕೈಯಲ್ಲಿ ಅನ್ನದ ಡಬ್ಬಿ ಹಿಡಿದು ಹಸಿದು ನಿಂತವರಿಗೂ ಇದೇ ನಿಯಮ. ತಮಾಷೆಯೇ. ಆದರೆ ಕರೆಸಿಕೊಂಡು ಒಳಗೆ ಬಂದವರು ತಮ್ಮವರು, ಅವರಿಗೆ ಕೇಡು ಬಗೆಯಬಾರದು ಎಂಬ ಒಂದು ಬಾಲವನ್ನು ಅದಕ್ಕೆ ಅವಳೇ ಸೇರಿಸಿದ್ದಳು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದ. ಲಾಂಡ್ರಿ, ಅಡುಗೆಮನೆ, ಕಸ, ಎಲ್ಲ ಅವನ ಕೈಕೆಳಗೆ. ಎಲ್ಲಿಗೆ ಬೇಕಾದರೂ ನುಗ್ಗಬಹುದಾದ ಮನುಷ್ಯ ಒಂದು ಮಧ್ಯಾಹ್ನ ದಾಸ್ತಾನು ಕೋಣೆಯ ಹೊಸ್ತಿಲಲ್ಲಿ ನಿಂತ. ಒಳಗಿದ್ದವರು ಡಬ್ಬಿ ಮುಚ್ಚಿ ಎದ್ದರು.

"ಬನ್ನಿ ಅಂತ ಕರೀದೆ ನಾನು ಹೇಗಮ್ಮ ಬರ್ಲಿ?" ಅಂದ. "ನಮ್ಮಂಥೋರಿಗೆ ನಿಯಮ ಇದೆಯಲ್ಲ."

ಬಾವಲಿಯ ಮುಖ ಆಗ ನೋಡಬೇಕಿತ್ತು. "ಸಾರ್, ನೀವು ಓದಿದ್ದೀರಾ?"

"ಚಿಕ್ಕಂದಿನಿಂದ. ನಮ್ಮಪ್ಪ ಸಿಕ್ಕಿದ್ದನ್ನೆಲ್ಲ ಒಲೆಗೆ ಹಾಕ್ತಿದ್ರು, ನಾನು ಮತ್ತೆ ತರ್ತಿದ್ದೆ."

"ಅಯ್ಯೋ, ಒಳಗೆ ಬನ್ನಿ ಸಾರ್, ಒಳಗೆ ಬನ್ನಿ!"

ಅವನು ನಾಟಕವಾಡಿದನೇ? ಇಲ್ಲ. ಆಡಿದ್ದರೆ ಎಷ್ಟೋ ವಾಸಿಯಿತ್ತು, ಉಗಿದು ಮರೆಯಬಹುದಿತ್ತು. ಅವನು ನಿಜವಾಗಿ ಆ ಪುಸ್ತಕಗಳ ಹುಚ್ಚು ಹಿಡಿದವನು. ಯಾವ ಕೋಟೆಯ ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂದು ಬಾವಲಿಯ ಜೊತೆ ವಾದಕ್ಕಿಳಿಯುತ್ತಿದ್ದ. ಅಂಗಡಿಗಳಲ್ಲಿ ಅವಳಿಗೆ ಸಿಗದ ಹಳೇ ಪ್ರತಿಗಳನ್ನು ತಂದು ಹಲಗೆಗೆ ಸೇರಿಸಿದ. ಬಟ್ಟೆ ಒಗೆಯುವವಳ ಕಥೆಗಂತೂ ಮರುಳಾದ. ಕೆಲವು ದಿನ ಮಡಿಸುವ ಕೋಣೆಗೇ ಬಂದು ಗೋಡೆಗೊರಗಿ ನಿಲ್ಲುತ್ತಿದ್ದ, ಅತ್ತಿಗೆ ನಾದಿನಿ ಮೂಲೆಗೆ ಮೂಲೆ ಕೊಡುವುದನ್ನೇ ಕಾಯುತ್ತ.

ನಾನು ಹೇಳಿದೆ: "ಅವನು ಮ್ಯಾನೇಜರ್ ಕಣಮ್ಮ."

"ಹೊರಗೆ ಅಣ್ಣ. ಒಳಗೆ ಬಂದ್ರೆ ಅವ್ರೂ ನಮ್ಮ ಹಾಗೆ ಓದೋರು. ಈ ಕಥೆ ಓದಿದೋರು ಆ ದೊರೆ ಥರ ಆಗೋಕಾಗುತ್ತಾ?"

ಅವಳು ಓದುವಾಗ ಕಚ್ಚಿಸಿಕೊಳ್ಳುವ ಕುತ್ತಿಗೆಯ ಕಡೆಯಲ್ಲಿದ್ದಳು. ಓದುವವರೆಲ್ಲ ಆ ಕಡೆಯೇ ಇರುತ್ತಾರೆಂದು ತಿಳಿದಿದ್ದಳು.

ಮುಂದಿನ ವರ್ಷ ಸುದ್ದಿ ಬಂತು. ಲಾಂಡ್ರಿ ಮುಚ್ಚುತ್ತಾರೆ. ಬಟ್ಟೆಯೆಲ್ಲ ಊರಾಚೆಯ ಗುತ್ತಿಗೆದಾರನ ಕಾರ್ಖಾನೆಗೆ, ಡ್ರಮ್ಮುಗಳು ಮಾರಾಟಕ್ಕೆ, ಹೆಂಗಸರು ಮನೆಗೆ. ಸಂಘದಲ್ಲಿ ಕೂತು ತೀರ್ಮಾನಿಸಿದೆವು. ಗುರುವಾರ ಬೆಳಿಗ್ಗೆ ಪಾಳಿಗೆ ಬಂದವರು ಒಳಗೇ ಕೂರುವುದು, ಡ್ರಮ್ಮುಗಳ ಸುತ್ತ. ಯಂತ್ರ ಹೊರಗೆ ಹೋಗಬೇಕಾದರೆ ನಮ್ಮ ಮೇಲೆ ಹೋಗಬೇಕು. ರೋಗಿಗಳಿಗೆ ತೊಂದರೆಯಾಗದಂತೆ ಆಪರೇಷನ್ ಕೋಣೆಯ ಬಟ್ಟೆ, ಮಕ್ಕಳ ಬಟ್ಟೆ ನಾವೇ ಒಗೆದು ಕೊಡುವುದು. ಬೀಗ ಹಾಕಿದ ಬಾಗಿಲ ಹೊರಗೆ ನಿಂತು ಘೋಷಣೆ ಕೂಗಿದರೆ ನಾಯಿಯೂ ತಿರುಗಿ ನೋಡುವುದಿಲ್ಲ. ಒಳಗೆ ಕೂತವರನ್ನು ಎಬ್ಬಿಸುವುದು ಕಷ್ಟ. ಆದ್ದರಿಂದ ಇದು ಗುಟ್ಟಾಗಿರಬೇಕಿತ್ತು. ಎಲ್ಲರ ಅನ್ನ ಆ ಗುಟ್ಟಿನ ಮೇಲೆ ನಿಂತಿತ್ತು.

ಬುಧವಾರ ಮಧ್ಯಾಹ್ನ ಊಟಕ್ಕೆ ಮುಂಚೆ ಮ್ಯಾನೇಜರ್ ಲಾಂಡ್ರಿಗೆ ಬಂದ. ಯಾವತ್ತಿನಂತೆ ನಗುನಗುತ್ತ. ನೆಲಕ್ಕೆ, ಗೋಡೆಗೆ ಹುಳುಮದ್ದು ಹೊಡೆಯಬೇಕು, ವಿಷದ ಗಾಳಿ, ಎಲ್ಲರೂ ಈಗಲೇ ಮನೆಗೆ ಹೋಗಿ, ಸಂಬಳ ಹಿಡಿಯುವುದಿಲ್ಲ ಎಂದ. ಲಾಂಡ್ರಿಯವರಿಗೆ ಸುಮ್ಮನೆ ಸಿಗುವ ರಜೆಯೆಂದರೆ ದೊಡ್ಡದು. ಯಾರೂ ಅನುಮಾನಪಡಲಿಲ್ಲ. ಬಾವಲಿ ಆ ಹೊತ್ತಿಗೆ ಕಥೆಯ ಕೊನೆಗೆ ಬಂದಿದ್ದಳು, ಅವನೂ ಅಲ್ಲಿಯವರೆಗೆ ಕೇಳಿದ್ದ: ಒಗೆಯುವವಳು ಬಕೆಟ್ ತುಂಬಿಕೊಂಡು, ಸೆರಗು ಬಿಗಿದು, ದೊರೆಯ ಪೆಟ್ಟಿಗೆಯಿದ್ದ ನೆಲಮಾಳಿಗೆಯ ಮೆಟ್ಟಿಲು ಇಳಿಯತೊಡಗಿದ್ದಳು. "ಮಿಕ್ಕಿದ್ದು ನಾಳೆ, ಒಳಗೆ ಕೂತಾಗ" ಎಂದು ನಾದಿನಿಯ ಕಿವಿಯಲ್ಲಿ ಹೇಳಿ ಶೀಟು ಮಡಿಸಿಟ್ಟಳು.

ಗುರುವಾರ ಬೆಳಿಗ್ಗೆ ಹೋದರೆ ಬಾಗಿಲಿಗೆ ಹೊಸ ಬೀಗ. ಕಿಟಕಿಯಿಂದ ಇಣುಕಿದರೆ ಡ್ರಮ್ಮುಗಳಿದ್ದ ಜಾಗದಲ್ಲಿ ನೆಲದಿಂದ ಎದ್ದ ಬೋಲ್ಟುಗಳ ಮೊಳಕೆ, ಸುತ್ತ ತುಕ್ಕಿನ ನೀರು. ದಾಸ್ತಾನು ಕೋಣೆಯೂ ಖಾಲಿ. ಪುಸ್ತಕದ ಹಲಗೆಯೂ ಇಲ್ಲ. ಎಲ್ಲ ಗುಜರಿಗೆ ಹೋಯಿತು ಎಂದ ಕಾವಲುಗಾರ. ಹೆಂಗಸರು ಅಳಲಿಲ್ಲ, ಬೈದರು. ಗೋಡೆಯ ಸುಣ್ಣ ಉದುರುವ ಹಾಗೆ ಬೈದರು. ಗೋಡೆಗಳಿಗೆ ಏನು?

ಸಂಜೆ ಸಭೆ ಸೇರಿತು. ಬಾಯಿ ಬಿಟ್ಟವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಬಾವಲಿ ತಾನಾಗೇ ಎದ್ದಳು.

"ನಾನು ಹೇಳ್ದೆ. ಸೋಮವಾರ. 'ಗುರುವಾರ ನೀವು ರಜೆ ಹಾಕಿ ಸಾರ್, ಆಮೇಲೆ ನಿಮ್ಮ ತಲೆ ಮೇಲೆ ಬರೋದು ಬೇಡ' ಅಂದೆ. ಅಷ್ಟೇ ಹೇಳಿದ್ದು."

"ಯಾಕೆ ಹೇಳ್ದೆ?"

"ಒಳಗೆ ಕರೆದೋರಲ್ವಾ. ನಮ್ಮಿಂದ ಅವ್ರಿಗೆ ಕೇಡಾಗಬಾರದು ಅಂತ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೋಣೆ ಕೊತಕೊತ ಕುದಿಯಿತು. "ಕತ್ತು ನೀನೇ ತೋರಿಸ್ಕೊಟ್ಯಲ್ಲೇ!" ಎಂದು ಕೂಗಿದವನು ಆಂಬುಲೆನ್ಸ್ ಡ್ರೈವರ್, ಅವಳ ಕಥೆಗೆ ಮೊದಲು ಬಂದು ಕೂರುತ್ತಿದ್ದವನು. "ಎಷ್ಟಕ್ಕೆ ಮಾರ್ದೆ?" ಎಂದರು ಯಾರೋ. ಸಂಘದಿಂದ ತೆಗೆಯಬೇಕೆಂದರು. ಬೇಡ, ದ್ರೋಹ ಬೇರೆ ಮೋಸಹೋಗುವುದು ಬೇರೆ ಎಂದು ನಾನು ಗಂಟಲು ಹರಿದುಕೊಂಡೆ. ಸಿಟ್ಟಿಗೆ ಒಂದು ಮುಖ ಬೇಕಿತ್ತು, ಮ್ಯಾನೇಜರನ ಮುಖ ಕೈಗೆ ಸಿಗುವಂತಿರಲಿಲ್ಲ. ಕೈಗಳು ಎದ್ದವು. ಅವಳ ಪಕ್ಕದಲ್ಲೇ ಕೂತಿದ್ದ ನಾದಿನಿ ಸುತ್ತ ನೋಡಿ, ಎಲ್ಲರಿಗಿಂತ ಕೊನೆಗೆ, ಕೈ ಎತ್ತಿದಳು.

ಬಾವಲಿ ಆ ಕೈಯನ್ನು ನೋಡಿದಳು. ಬೇರೆ ಯಾರ ಕೈಯನ್ನೂ ನೋಡಲಿಲ್ಲ.

ಮುಂದಿನದು ಎಲ್ಲ ಊರಿನ ಕಥೆಯೇ. ಸಂಘ ನಡು ಮುರಿದುಕೊಂಡಿತು. ಗುತ್ತಿಗೆದಾರ ಆಯ್ದ ಕೆಲವರನ್ನು ಕಾರ್ಖಾನೆಗೆ ಕರೆದುಕೊಂಡ, ನಾದಿನಿ ಅದರಲ್ಲೊಬ್ಬಳು. ಬಾವಲಿಯನ್ನು ಯಾರೂ ಕರೆಯಲಿಲ್ಲ. ಅವಳು ಮನೆಯಲ್ಲೇ ಎರಡು ಲಾಡ್ಜುಗಳ ಬೆಡ್‌ಶೀಟು, ಒಂದು ಕ್ಷೌರದಂಗಡಿಯ ಟವೆಲು ಒಗೆಯಲು ಹಿಡಿದಳು. ಬೀದಿಯಲ್ಲಿ ಸಿಕ್ಕ ಹಳೇ ಜೊತೆಗಾರರು ಮುಖ ತಿರುಗಿಸಿದರೆ ಅವಳೂ ತಿರುಗಿಸಿದಳು. ಗಂಡ ತೀರಿಕೊಂಡಾಗ ಸಂಘದಿಂದ ಹೋದವನು ನಾನೊಬ್ಬ. ಕಾರ್ಖಾನೆಗೆ ದೊಡ್ಡ ಯಂತ್ರ ಬಂದು ನಾದಿನಿಯೂ ಕೆಲಸ ಕಳೆದುಕೊಂಡು ಮನೆಗೆ ಬಂದಳು. ಮತ್ತೆ ಇಬ್ಬರೂ ಒಂದೇ ಶೀಟಿನ ಎರಡು ತುದಿಗೆ. ಆದರೆ ಕಥೆಯಿಲ್ಲ. ನಾನು ಹೋಗಿ ಕೂತಾಗ ಕೇಳಿಸುತ್ತಿದ್ದುದು ಬಟ್ಟೆ ಜಾಡಿಸುವ ಪಟಾರ್ ಸದ್ದೊಂದೇ.

ಕಳೆದ ವರ್ಷ ಒಂದು ಬೆಳಿಗ್ಗೆ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಮ್ಯಾನೇಜರ್. ನಿವೃತ್ತನಾಗಿದ್ದ, ಕೂದಲು ಬೆಳ್ಳಗಾಗಿತ್ತು. ಕಂಕುಳಲ್ಲಿ ಒಂದು ಪುಸ್ತಕ. ಹೊಸ್ತಿಲಲ್ಲಿ ನಿಂತು, ಅದೇ ಹಳೇ ನಗುವಿನಲ್ಲಿ, "ಕರೀದೆ ನಾನು ಬರೋ ಹಾಗಿಲ್ಲ" ಅಂದ.

ಬಾವಲಿ ಶೀಟಿನ ತುದಿ ಹಿಡಿದಿದ್ದಳು. ಬಿಡಲಿಲ್ಲ. ಕರೆಯಲೂ ಇಲ್ಲ.

ಅವನು ಪುಸ್ತಕ ಮುಂದೆ ಚಾಚಿದ. ಬಿಳಿ ಬಟ್ಟೆಯ ಹೊದಿಕೆ, ಬೆನ್ನ ಮೇಲೆ ಆಸ್ಪತ್ರೆಯ ಕಪ್ಪು ಮುದ್ರೆ. ಡ್ರಮ್ಮಿನಲ್ಲಿ ಸಿಕ್ಕಿದ್ದ ಮೊದಲ ಪುಸ್ತಕ ಅದು, ಅಂಚೆಲ್ಲ ಸುರುಟಿದ್ದು. ಗುರುತು ಹಿಡಿಯಲು ನನಗೇ ಎರಡನೇ ಸಲ ನೋಡಬೇಕಾಗಲಿಲ್ಲ.

"ಗುಜರಿಗೆ ಹೋಯ್ತು ಅಂದ್ರಲ್ಲ" ಅಂದಳು ಬಾವಲಿ.

"ಹೋಗೋದಿತ್ತು. ನಾನು ಬಿಡ್ತೀನಾ? ಬುಧವಾರಾನೇ ಎಲ್ಲವನ್ನೂ ಮನೆಗೆ ಸಾಗಿಸ್ದೆ. ಒಂದು ಹಾಳೆ ಹರಿಯದ ಹಾಗೆ ಇಟ್ಕೊಂಡಿದ್ದೀನಿ."

ಡ್ರಮ್ಮುಗಳನ್ನು ಲಾರಿಗೆ ಹೇರಿಸುತ್ತಿದ್ದ ಹೊತ್ತಿನಲ್ಲಿ ಇವನು ಪುಸ್ತಕ ಹೊರುತ್ತಿದ್ದ. ಅದನ್ನು ಒಳ್ಳೆಯ ಕೆಲಸವೆಂಬಂತೆ ಹೇಳಿದ. ಹೇಳುವಾಗ ಅವನ ಕಣ್ಣಲ್ಲಿ ಕಳ್ಳತನವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

"ಇಷ್ಟು ವರ್ಷ ಒಂದೇ ಕೊರಗು ನಂಗೆ," ಅಂದ. "ಆ ಬಟ್ಟೆ ಒಗೆಯೋಳು ನೆಲಮಾಳಿಗೆಗೆ ಇಳಿದ್ಳಲ್ಲ, ಕೊನೆಗೆ ಏನ್ ಮಾಡಿದ್ಳು? ಪುಸ್ತಕ ಹುಡುಕೋಣ ಅಂದ್ರೆ ಅದು ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ಹತ್ರಾನೇ ಇರೋದು. ಅದನ್ನ ಕೇಳಿಕೊಂಡು ಹೋಗೋಣ ಅಂತ ಬಂದೆ."

ಅವನು ಕ್ಷಮೆ ಕೇಳಲು ಬಂದಿರಲಿಲ್ಲ. ಕಥೆಯ ಕೊನೆ ಕೇಳಲು ಬಂದಿದ್ದ. ನನ್ನ ಕೈಯಲ್ಲಿದ್ದ ಲೋಟವನ್ನು ಅವನ ಮುಖಕ್ಕೆ ಎಸೆಯುವ ಆಸೆ ತಡೆದುಕೊಂಡೆ, ಮನೆ ಅವಳದು.

"ಉಳಿದ ಪುಸ್ತಕ?" ಎಂದಳು.

"ಕೊನೆ ಹೇಳಿ, ಒಂದೊಂದಾಗಿ ತಂದ್ಕೊಡ್ತೀನಿ."

ಅವನು ಹೊಸ್ತಿಲ ಮೇಲೆ ಕಾಲು ಬದಲಿಸಿದ. "ನಿಮಗೆ ಕೋಪ ಅಂತ ಗೊತ್ತು. ನಾನು ನನ್ನ ಕೆಲಸ ಮಾಡ್ದೆ. ಆದ್ರೆ ನಿಮ್ಮ ಒಳ್ಳೇತನ ಮರೆತಿಲ್ಲಮ್ಮ. 'ರಜೆ ಹಾಕಿ ಸಾರ್' ಅಂತ ನೀವಿಬ್ರೂ ಹೇಳಿದ್ರಲ್ಲ. ನಿಮಗಿಂತ ಮೊದಲು ಇವರೇ ಹೇಳಿದ್ದು." ಅವನ ಕೈ ನಾದಿನಿಯ ಕಡೆಗಿತ್ತು.

ನಾನು ನಾದಿನಿಯ ಮುಖ ನೋಡಿದೆ. ಅವಳು ಶೀಟಿನ ಅಂಚು ನೋಡುತ್ತಿದ್ದಳು. ಆ ಸೋಮವಾರ ಶೀಟಿನ ಇನ್ನೊಂದು ತುದಿಯಲ್ಲಿ ಯಾರಿದ್ದರು ಎಂದು ನಾವು ಯಾರೂ ಕೇಳಿರಲಿಲ್ಲ. ಬಾವಲಿಯೂ ಹೇಳಿರಲಿಲ್ಲ. ಇಷ್ಟು ವರ್ಷ ಹೇಳಿರಲಿಲ್ಲ.

ಬಾವಲಿ ತನ್ನ ತುದಿಯನ್ನು ಮೇಜಿನ ಮೇಲಿಟ್ಟು ಬಾಗಿಲಿಗೆ ಹೋದಳು. ಅವನ ಮುಖ ಅರಳಿತು, ಕರೆಯುತ್ತಾಳೆ ಅಂದುಕೊಂಡ. ಅವಳು ಅವನ ಕೈಯಿಂದ ಪುಸ್ತಕ ತೆಗೆದುಕೊಂಡಳು. "ಉಳಿದವನ್ನು ತಂದು ಹೊಸ್ತಿಲಲ್ಲಿಟ್ಟು ಹೋಗಿ. ನಮ್ಮವು ಅವು" ಎಂದು ಬಾಗಿಲು ಹಾಕಿದಳು. ಅವನು ಹೊರಗೆ ಸ್ವಲ್ಪ ಹೊತ್ತು ನಿಂತಿದ್ದ. ಬಾಗಿಲ ಕೆಳಗಿನ ಸಂದಿಯಲ್ಲಿ ಅವನ ಬೂಟಿನ ನೆರಳು ಕಾಣುತ್ತಿತ್ತು. ಆಮೇಲೆ ಕಾಣಲಿಲ್ಲ. ಉಳಿದ ಪುಸ್ತಕಗಳು ಇವತ್ತಿನವರೆಗೂ ಬಂದಿಲ್ಲ.

"ಅತ್ತಿಗೆ," ಅಂದಳು ನಾದಿನಿ. "ಅವತ್ತು ಎಲ್ರೂ ಹಾಗೆ ಕೂಗ್ತಿದ್ರಲ್ಲ, ನನ್ನ ಹೆಸರೂ ಬರುತ್ತೆ ಅಂತ ಹೆದರಿಕೆಯಾಯ್ತು. ನೀವು ಆವಾಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನನ್ನೂ ತೆಗೀತಿದ್ರು. ಮನೇಲಿ ಒಂದು ಸಂಬಳ ಬೇಕಿತ್ತು."

"ಈಗಲಾದ್ರೂ ಬೈದುಬಿಡಿ."

ಬಾವಲಿ ಪುಸ್ತಕವನ್ನು ಕಪಾಟಿನ ಮೇಲಿಟ್ಟು, ಕೈ ಒರೆಸಿಕೊಂಡು, ಬಂದು ತನ್ನ ತುದಿ ಎತ್ತಿಕೊಂಡಳು. ಇಬ್ಬರೂ ಜಾಡಿಸಿದರು. ಒಬ್ಬರ ಕಡೆಗೊಬ್ಬರು ನಡೆದು ಬಂದರು. ಮೂಲೆಗೆ ಮೂಲೆ ಸೇರಿತು. ಹಿಂದೆ ಕಥೆಯ ಒಂದು ಮಾತು ಬೀಳುತ್ತಿದ್ದ ಜಾಗ ಅದು. ನಾದಿನಿ ಮೂಲೆ ಬಿಡದೆ ಹಿಡಿದು ನಿಂತಳು, ಏನಾದರೂ ಬರಲಿ ಎಂದು, ಬೈಗುಳವಾದರೂ.

"ಸರಿ," ಅಂದಳು ಬಾವಲಿ. "ಹಿಂದೆ ಸರಿ. ಇನ್ನೂ ರಾಶಿ ಇದೆ."